ಐದನೆಯವನಿಗೆ ಎಷ್ಟು ಕೊಡಬೇಕು?

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ನನಗೆ ಅರ್ಧ ಗಂಟೆ ಕೊಟ್ಟಿದ್ದೀರಿ, ಅದರಲ್ಲಿ ಒಬ್ಬನೇ ಒಬ್ಬ ಆಟಗಾರನ ಬಗ್ಗೆ ಮಾತಾಡುತ್ತೇನೆ. ಫಿಲಡೆಲ್ಫಿಯಾ ಸುತ್ತಮುತ್ತ ಬಂದು ನೆಲೆಸಿದ ಕನ್ನಡದವರು ನಾವು. ಭಾನುವಾರ ಬಂತು ಅಂದರೆ ಹಸಿರು ಜೆರ್ಸಿ ಹಾಕಿಕೊಂಡು ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಈಗಲ್ಸ್‌ನ ಆಟ ನೋಡುತ್ತೇವೆ, ಆದರೆ ಹೆಚ್ಚಿನವರ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ, ಅಲ್ವಾ? ಚೆಂಡು ಯಾರ ಕೈಗೆ ಒಮ್ಮೆಯೂ ಬರುವುದಿಲ್ಲವೋ ಅಂಥವನ ಕಥೆ ಇದು. ಹೆಸರು ಮೆಖೈ ಬೆಕ್ಟನ್. 2024ರ ಸೀಸನ್ನಿನಲ್ಲಿ ನಮ್ಮ ತಂಡದ ಬಲಗಡೆಯ ಗಾರ್ಡ್. 2025ರ ಮಾರ್ಚಿನಲ್ಲಿ ಅವನ ಒಪ್ಪಂದ ಮುಗಿಯಿತು. ಇಟ್ಟುಕೊಳ್ಳಬೇಕಿತ್ತಾ, ಬಿಡಬೇಕಿತ್ತಾ? ನಾನು ಇದನ್ನು ವಾರಗಟ್ಟಲೆ ತಲೆಯಲ್ಲಿ ಇಟ್ಟುಕೊಂಡು ಒದ್ದಾಡಿದ್ದೇನೆ.

ಹೊಸಬರಿಗೆ ಎರಡು ಮಾತು. ಚೆಂಡನ್ನು ಹಿಂದಕ್ಕೆ ಕೊಡುವವನು ಸೆಂಟರ್. ಅವನ ಎರಡೂ ಪಕ್ಕದಲ್ಲಿ ಒಬ್ಬೊಬ್ಬ ಗಾರ್ಡ್, ಅವರ ಆಚೆಗೆ ಒಬ್ಬೊಬ್ಬ ಟ್ಯಾಕಲ್. ಈ ಐದು ಜನ ಸೇರಿದರೆ ಅಫೆನ್ಸಿವ್ ಲೈನ್. ಓಡುವವನಿಗೆ ದಾರಿ ಮಾಡಿಕೊಡುವುದು, ಎಸೆಯುವವನ ಮೈಮೇಲೆ ಯಾರೂ ಬೀಳದಂತೆ ತಡೆಯುವುದು, ಇಷ್ಟೇ ಕೆಲಸ. ಕ್ರಿಕೆಟ್ಟಿನಲ್ಲಿ ವಿಕೆಟ್ ಕೀಪರ್ ಕ್ಯಾಚ್ ಬಿಟ್ಟಾಗ ಮಾತ್ರ ಜನ ಅವನ ಹೆಸರು ಹಿಡಿದು ಬೈಯುತ್ತಾರಲ್ಲ, ಹಾಗೆ. ಕೀಪರ್‌ಗೆ ಕ್ಯಾಚು, ಸ್ಟಂಪಿಂಗು ಅಂತ ಲೆಕ್ಕವಾದರೂ ಇದೆ. ಇವರು ಚೆನ್ನಾಗಿ ಆಡಿದ ದಿನ ಸ್ಕೋರ್‌ಕಾರ್ಡಿನಲ್ಲಿ ಬೇರೆಯವರ ಹೆಸರೇ ಇರುತ್ತದೆ.

2020ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸುತ್ತು ಸುತ್ತಾಗಿ ಆರಿಸಿಕೊಳ್ಳುವಾಗ, ನ್ಯೂಯಾರ್ಕ್ ಜೆಟ್ಸ್ ತಂಡ ಬೆಕ್ಟನ್‌ನನ್ನು 11ನೆಯವನಾಗಿ ಆರಿಸಿತು. ಎತ್ತರ ಆರು ಅಡಿ ಏಳು ಇಂಚು, ತೂಕ 364 ಪೌಂಡ್, ಅಂದರೆ ಸುಮಾರು 165 ಕೆಜಿ. ಅಷ್ಟು ಮೈ ಹೊತ್ತುಕೊಂಡು 40 ಗಜವನ್ನು 5.1 ಸೆಕೆಂಡಿನಲ್ಲಿ ಓಡಿದ. ಮೊದಲ ವರ್ಷ ಎಡಗಡೆ ಟ್ಯಾಕಲ್ ಆಗಿ ಭರವಸೆ ಹುಟ್ಟಿಸಿದ. 2021ರ ಮೊದಲ ಪಂದ್ಯದಲ್ಲೇ ಮಂಡಿ ಹೋಯಿತು, ಆ ವರ್ಷ ಅಲ್ಲಿಗೆ ಮುಗಿಯಿತು. 2022ರ ಆಗಸ್ಟಿನಲ್ಲಿ ಅಭ್ಯಾಸದ ವೇಳೆ ಮತ್ತೆ ಮಂಡಿಗೆ ಪೆಟ್ಟು, ಆ ವರ್ಷವೂ ಪೂರ್ತಿ ಹೋಯಿತು. 2023ರಲ್ಲಿ ವಾಪಸ್ ಬಂದ, ಆಡಿದ, ಆದರೆ ಅಂಚಿನಲ್ಲಿ ನಿಂತು ವೇಗದ ಆಳುಗಳನ್ನು ತಡೆಯುವಾಗ ಮೊದಲಿನ ಹಾಗೆ ಕಾಲು ಬರಲಿಲ್ಲ. ಜೆಟ್ಸ್ ಕೈಬಿಟ್ಟಿತು. ಮೊದಲ ಸುತ್ತಿನಲ್ಲಿ ಆರಿಸಿ ಬಂದವನು 2024ರ ಏಪ್ರಿಲ್ ಕೊನೆಯವರೆಗೂ ಕೆಲಸವಿಲ್ಲದೆ ಕೂತಿದ್ದ. ಎಲ್ಲ ಸೇರಿದರೂ 55 ಲಕ್ಷ ಡಾಲರ್ ಮೀರದ ಒಂದು ವರ್ಷದ ಒಪ್ಪಂದಕ್ಕೆ ಈಗಲ್ಸ್ ಕರೆದುಕೊಂಡಿತು. ಈ ಲೀಗಿನಲ್ಲಿ ಅದು ಸಣ್ಣ ದುಡ್ಡು.

ಇಲ್ಲಿ ನನಗೆ ನಮ್ಮ ತಾತ ನೆನಪಾಗುತ್ತಾರೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ಕಾಲಿನ ಗಂಟುಗಳನ್ನು ಅಂಗೈಯಲ್ಲಿ ಒತ್ತಿ ನೋಡುತ್ತಿದ್ದರು. ಆಮೇಲೆ ಟವೆಲ್ ಒಳಗೆ ಕೈ ಇಟ್ಟು, ಬೆರಳು ಹಿಡಿದು ವ್ಯಾಪಾರ. ಆದರೆ ಬೆರಳು ಹಿಡಿಯುವುದಕ್ಕೆ ಮುಂಚೆ ಒಂದು ಕೆಲಸ ತಪ್ಪದೆ ಮಾಡುತ್ತಿದ್ದರು. ನಮ್ಮ ಮನೆಯ ಎತ್ತಿನ ಜೊತೆ ನೊಗಕ್ಕೆ ಕಟ್ಟಿ ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ಎಡಗಡೆ ಕಟ್ಟಿ ಪಳಗಿದ ಎತ್ತು ಬಲಗಡೆ ಕಟ್ಟಿದರೆ ತಡವರಿಸುತ್ತದೆ. ಒಂಟಿಯಾಗಿ ನಿಂತಾಗ ರಾಜನ ಹಾಗೆ ಕಾಣುವುದು ಜೋಡಿಯಲ್ಲಿ ಎಳೆಯದೇ ಇರಬಹುದು, ಬಡಕಲಾಗಿ ಕಂಡದ್ದು ಸರಿಯಾದ ಜೋಡಿ ಸಿಕ್ಕರೆ ಗಾಡಿಯನ್ನು ಗುಡ್ಡ ಹತ್ತಿಸಬಹುದು.

ಬೆಕ್ಟನ್ ಎಡಗಡೆ ಪಳಗಿದವನು. ಫಿಲಡೆಲ್ಫಿಯಾದಲ್ಲಿ ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಅವನನ್ನು ಬಲಗಡೆಗೆ ತಂದರು, ಅದೂ ಅಂಚಿನಿಂದ ಒಳಕ್ಕೆ, ಗಾರ್ಡ್ ಆಗಿ. ಸ್ಟೌಟ್‌ಲ್ಯಾಂಡ್ 2013ರಿಂದ ಇಲ್ಲಿ ಲೈನ್ ಕಟ್ಟುತ್ತಿದ್ದವರು. ಆಸ್ಟ್ರೇಲಿಯಾದಲ್ಲಿ ರಗ್ಬಿ ಆಡಿಕೊಂಡಿದ್ದ, ಅಮೆರಿಕನ್ ಫುಟ್‌ಬಾಲನ್ನು ಒಂದು ದಿನವೂ ಆಡಿರದ ಜೋರ್ಡನ್ ಮೈಲಾಟಾನನ್ನು 2018ರ ಏಳನೇ ಸುತ್ತಿನಲ್ಲಿ ತಂದು ಲೀಗಿನ ಒಳ್ಳೆಯ ಎಡ ಟ್ಯಾಕಲ್‌ಗಳಲ್ಲಿ ಒಬ್ಬನನ್ನಾಗಿ ಮಾಡಿದವರು ಅವರೇ. ಟಿವಿಯಲ್ಲಿ ಆಟಗಾರರು ತಮ್ಮ ಕಾಲೇಜಿನ ಹೆಸರು ಹೇಳುವಾಗ ಮೈಲಾಟಾ ಏನು ಹೇಳಿದ ಗೊತ್ತಾ? ‘ಜೆಫ್ ಸ್ಟೌಟ್‌ಲ್ಯಾಂಡ್ ಯೂನಿವರ್ಸಿಟಿ’. ನನಗೆ ಅದು ಬಹಳ ಇಷ್ಟವಾದ ಮಾತು.

2024ರ ಆಗಸ್ಟಿನಲ್ಲಿ ಬಲ ಗಾರ್ಡ್ ಜಾಗಕ್ಕೆ ಮೊದಲ ಹೆಸರು ಟೈಲರ್ ಸ್ಟೀನ್‌ನದು. 2023ರ ಮೂರನೇ ಸುತ್ತಿನಲ್ಲಿ ಬಂದ ಹುಡುಗ. ಅವನ ಕಾಲು ಉಳುಕಿತು, ಬೆಕ್ಟನ್ ಆ ಜಾಗಕ್ಕೆ ಬಂದ, ಮತ್ತೆ ಬಿಟ್ಟುಕೊಡಲಿಲ್ಲ.

ಒಂದು ಆಟವನ್ನು ಹತ್ತಿರದಿಂದ ನೋಡೋಣ. ಚೆಂಡು ಹಿಡಿದು ಓಡುವ ನಮ್ಮ ಸೇಕ್ವಾನ್ ಬಾರ್ಕ್ಲಿ ಬಲಗಡೆಗೆ ಹೋಗುವ ಆಟ ಅಂತ ಇಟ್ಟುಕೊಳ್ಳಿ. ಬೆಕ್ಟನ್ ಬಲ ಗಾರ್ಡ್, ಅವನ ಪಕ್ಕದಲ್ಲಿ ಟ್ಯಾಕಲ್ ಆಗಿ ಲೇನ್ ಜಾನ್ಸನ್. ಇಬ್ಬರ ಎದುರಿಗೆ 300 ಪೌಂಡ್ ಮೀರಿದ ಒಬ್ಬ ಎದುರಾಳಿ, ಅವನ ಹಿಂದೆ ನಾಲ್ಕೈದು ಗಜ ದೂರದಲ್ಲಿ ಎದುರಾಳಿಯ ಎರಡನೇ ಸಾಲಿನವನು, ಲೈನ್‌ಬ್ಯಾಕರ್. ಚೆಂಡು ಹಿಂದಕ್ಕೆ ಹೋದ ತಕ್ಷಣ ಇಬ್ಬರೂ ಒಂದೇ ಗಳಿಗೆಯಲ್ಲಿ ಹೆಜ್ಜೆ ಇಡಬೇಕು, ಸೊಂಟಕ್ಕೆ ಸೊಂಟ ತಾಗಿರಬೇಕು, ನಾಲ್ಕು ಕೈಯೂ ಒಂದೇ ಎದೆಯ ಮೇಲೆ. ನಡುವೆ ಕೈ ಅಗಲ ಸಂದಿ ಸಿಕ್ಕರೂ ಸಾಕು, ಎದುರಿನವನು ಭುಜ ತೂರಿಸಿ ಒಳಗೆ ಬಂದುಬಿಡುತ್ತಾನೆ. ಮೈ ಇವನನ್ನು ತಳ್ಳುತ್ತಾ ಇರುವಾಗ ಕಣ್ಣು ಮಾತ್ರ ಆ ಲೈನ್‌ಬ್ಯಾಕರ್ ಮೇಲೆ. ಅವನು ಒಳಗೆ ಬಂದರೆ ಬೆಕ್ಟನ್ ಬಿಟ್ಟು ಹೋಗಿ ಅವನನ್ನು ಹಿಡಿಯಬೇಕು, ಹೊರಗೆ ಬಂದರೆ ಜಾನ್ಸನ್. ಯಾರು ಬಿಡಬೇಕು ಅಂತ ಬಾಯಲ್ಲಿ ಹೇಳುವಷ್ಟು ಹೊತ್ತು ಇರುವುದಿಲ್ಲ. ಭುಜದ ಒತ್ತಡದಲ್ಲೇ ಗೊತ್ತಾಗಬೇಕು. ಬಾರ್ಕ್ಲಿ ಹಿಂದೆ ಅರ್ಧ ಹೆಜ್ಜೆ ಕಾದು, ಆ ಬಾಗಿಲು ತೆರೆದ ಕಡೆ ನುಗ್ಗುತ್ತಾನೆ.

ಬಾರ್ಕ್ಲಿ ಆ ವರ್ಷ 2,005 ಗಜ ಓಡಿದ. ಒಂದು ಸೀಸನ್ನಿನಲ್ಲಿ 2,000 ದಾಟಿದವರು ಲೀಗಿನ ಇಡೀ ಚರಿತ್ರೆಯಲ್ಲಿ ಅವನೂ ಸೇರಿ ಒಂಬತ್ತೇ ಜನ. 2025ರ ಜನವರಿ 26ರಂದು ವಾಷಿಂಗ್ಟನ್ ವಿರುದ್ಧ 55–23, ಫೆಬ್ರವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಕ್ಯಾನ್ಸಸ್ ಸಿಟಿ ವಿರುದ್ಧ 40–22. ಲೀಗಿನ ಫೈನಲ್ ಆದ ಸೂಪರ್ ಬೌಲ್ ನಮ್ಮದಾಯಿತು. ಒಂದು ವರ್ಷದ ಹಿಂದೆ ಯಾರಿಗೂ ಬೇಡವಾಗಿದ್ದ ಹುಡುಗ ಚಾಂಪಿಯನ್ ತಂಡದ ಗಾರ್ಡ್.

ಈಗ ಬೆಲೆ ಕಟ್ಟುವ ಮಾತು. ಆ ಒಳ್ಳೆಯ ಆಟದಲ್ಲಿ ಬೆಕ್ಟನ್‌ನ ಪಾಲು ಎಷ್ಟು, ಪಕ್ಕದಲ್ಲಿ ನಿಂತ ಜಾನ್ಸನ್ ಪಾಲು ಎಷ್ಟು, ಕೋಚ್ ಪಾಲು ಎಷ್ಟು? ಜಾನ್ಸನ್ 2013ರ ಡ್ರಾಫ್ಟಿನಲ್ಲಿ ನಾಲ್ಕನೆಯವನಾಗಿ ಬಂದವನು, ತನ್ನ ಅಂಚನ್ನು ಒಬ್ಬನೇ ಕಾಯುತ್ತಾನೆ. ಹಾಗಾಗಿ ಬೆಕ್ಟನ್ ಆ ಕಡೆ ತಿರುಗಿ ನೋಡುವ ಅಗತ್ಯವೇ ಬೀಳುವುದಿಲ್ಲ. ಟ್ಯಾಕಲ್ ಆಗಿದ್ದಾಗ ಅವನ ಹೊರಗಡೆ ಬರೀ ಬಯಲು, ನೋವು ತಿಂದ ಮಂಡಿಯ ಮೇಲೆ ಹಿಂದಕ್ಕೆ ಹಿಂದಕ್ಕೆ ಜಾರುತ್ತಾ ಆ ಬಯಲನ್ನು ಕಾಯಬೇಕು. ಗಾರ್ಡ್ ಜಾಗದಲ್ಲಿ ಎರಡೂ ಪಕ್ಕ ಜನ, ಜಾಗ ಕಿರಿದು, ಮುಂದಕ್ಕೆ ತಳ್ಳುವ ಕೆಲಸ ಜಾಸ್ತಿ. ಅವನ ಮೈಗೆ ಹೇಳಿ ಮಾಡಿಸಿದ ಜಾಗ. ಇದೆಲ್ಲ ಅವನ ಆಟವನ್ನು ಕಡಿಮೆ ಮಾಡಿ ಹೇಳುವ ಮಾತಾಗದಿರಲಿ. ಎಡದಿಂದ ಬಲಕ್ಕೆ ಬಂದು, ಹೊಸ ಜಾಗ ಕಲಿತು, ಹಠ ಹಿಡಿದು ನಿಂತದ್ದು ಅವನೇ.

ದುಡ್ಡಿನ ಕಡೆ ಬರೋಣ. 2025ಕ್ಕೆ ಒಂದು ತಂಡ ಖರ್ಚು ಮಾಡಬಹುದಾದ ಸ್ಯಾಲರಿ ಕ್ಯಾಪ್ 27.92 ಕೋಟಿ ಡಾಲರ್. ಕ್ಯಾಪನ್ನು ಮುಂದಿನ ವರ್ಷಗಳಿಗೆ ಎಳೆದು ಹೊಂದಿಸುವುದರಲ್ಲಿ ನಮ್ಮ ಮ್ಯಾನೇಜರ್ ಹೋವಿ ರೋಸ್‌ಮನ್ ಪಳಗಿದ ಕೈ, ಆದರೂ ಒಂದು ದಿನ ಕೊಡಲೇಬೇಕು. ಮೈಲಾಟಾಗೆ 2024ರಲ್ಲಿ ಮೂರು ವರ್ಷಕ್ಕೆ 6.6 ಕೋಟಿ. ಎಡ ಗಾರ್ಡ್ ಲ್ಯಾಂಡನ್ ಡಿಕರ್ಸನ್‌ಗೆ ಅದೇ ವರ್ಷ ನಾಲ್ಕು ವರ್ಷಕ್ಕೆ 8.4 ಕೋಟಿ. 2025ರ ಮಾರ್ಚಿನಲ್ಲಿ ಜಾನ್ಸನ್‌ಗೆ ಹೊಸ ಒಪ್ಪಂದ, ಬಾರ್ಕ್ಲಿಗೆ ಎರಡು ವರ್ಷಕ್ಕೆ 4.12 ಕೋಟಿ. ಏಪ್ರಿಲಿನಲ್ಲಿ ಸೆಂಟರ್ ಕ್ಯಾಮ್ ಜರ್ಗನ್ಸ್‌ಗೆ ನಾಲ್ಕು ವರ್ಷಕ್ಕೆ 6.8 ಕೋಟಿ. ಸಾಲಿನಲ್ಲಿ ನಾಲ್ಕು ಜನಕ್ಕೆ ದೊಡ್ಡ ಸಂಬಳ. ಐದನೆಯವನಿಗೂ ದೊಡ್ಡ ಸಂಬಳ ಅಂದರೆ ಡಿಫೆನ್ಸ್‌ನಲ್ಲಿ ಯಾರನ್ನೋ ಬಿಡಬೇಕು, ಅಲ್ಲಿ ಆಗಲೇ ಜಾಶ್ ಸ್ವೆಟ್ ಮತ್ತು ಮಿಲ್ಟನ್ ವಿಲಿಯಮ್ಸ್ ಹೊರಟಾಗಿತ್ತು.

ಬೆಕ್ಟನ್‌ಗೆ ಲಾಸ್ ಏಂಜಲೀಸ್ ಚಾರ್ಜರ್ಸ್ ಎರಡು ವರ್ಷಕ್ಕೆ 2 ಕೋಟಿ ಡಾಲರ್ ಕೊಟ್ಟಿತು. ಅವನ ಜಾಗಕ್ಕೆ ಕಾಯುತ್ತಿದ್ದ ಸ್ಟೀನ್ ಇನ್ನೂ ಡ್ರಾಫ್ಟ್ ಒಪ್ಪಂದದಲ್ಲೇ ಇದ್ದ, ವರ್ಷಕ್ಕೆ 10–15 ಲಕ್ಷದ ಆಸುಪಾಸು. ಅಂದರೆ ಬೆಕ್ಟನ್‌ನನ್ನು ಉಳಿಸಿಕೊಳ್ಳುವುದಕ್ಕೆ ವರ್ಷಕ್ಕೆ ಸುಮಾರು 85 ಲಕ್ಷ ಹೆಚ್ಚಿಗೆ. ಇದರ ಜೊತೆಗೆ ಇನ್ನೊಂದಿದೆ. ಫ್ರೀ ಏಜೆಂಟ್‌ಗಳನ್ನು, ಅಂದರೆ ಒಪ್ಪಂದ ಮುಗಿದ ಆಟಗಾರರನ್ನು, ತಂದುಕೊಂಡದ್ದಕ್ಕಿಂತ ಕಳೆದುಕೊಂಡದ್ದು ಜಾಸ್ತಿಯಾದರೆ ಲೀಗು ಮುಂದಿನ ವರ್ಷದ ಡ್ರಾಫ್ಟಿನಲ್ಲಿ ಮೂರರಿಂದ ಏಳನೇ ಸುತ್ತಿನ ಒಳಗೆ ಹೆಚ್ಚುವರಿ ಆಯ್ಕೆ ಕೊಡುತ್ತದೆ. ಹೋಗುವವನು ಸುಮ್ನೆ ಹೋಗುವುದಿಲ್ಲ, ಏನೋ ಒಂದು ಬಿಟ್ಟು ಹೋಗುತ್ತಾನೆ.

ಅದೇ ಹೊತ್ತಿಗೆ ಸೂಪರ್ ಬೌಲಿನಲ್ಲಿ ಸೋತ ತಂಡ ಏನು ಮಾಡಿತು ನೋಡಿ. ಕ್ಯಾನ್ಸಸ್ ಸಿಟಿಯ ಬಲ ಗಾರ್ಡ್ ಟ್ರೇ ಸ್ಮಿತ್. ಕಾಲೇಜಿನಲ್ಲಿದ್ದಾಗ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಆ ಭಯದಲ್ಲಿ ಎಲ್ಲರೂ ಬಿಟ್ಟುಬಿಟ್ಟು 2021ರ ಆರನೇ ಸುತ್ತಿನಲ್ಲಿ 226ನೆಯವನಾಗಿ ಸಿಕ್ಕವನು. ಅವನನ್ನು ಮೊದಲು, ಒಂದು ವರ್ಷ ಬೇರೆ ತಂಡಕ್ಕೆ ಹೋಗದಂತೆ ತಡೆಯುವ ಟ್ಯಾಗ್ ಹಾಕಿ ಕಟ್ಟಿಹಾಕಿದರು, ಜುಲೈನಲ್ಲಿ ನಾಲ್ಕು ವರ್ಷಕ್ಕೆ 9.4 ಕೋಟಿ ಕೊಟ್ಟರು. ಆದರೆ ಅದೇ ಮಾರ್ಚಿನಲ್ಲಿ ಎಡ ಗಾರ್ಡ್ ಜೋ ಥೂನಿಯನ್ನು ಷಿಕಾಗೋಗೆ ಕಳಿಸಿಬಿಟ್ಟರು. ಸೂಪರ್ ಬೌಲಿನಲ್ಲಿ ತಮ್ಮ ಚೆಂಡು ಎಸೆಯುವವನಾದ ಮಹೋಮ್ಸ್‌ನನ್ನು ಆರು ಸಲ ಕೆಡವಿದ್ದನ್ನು ಕಣ್ಣಾರೆ ಕಂಡ ತಂಡಕ್ಕೂ ಇಬ್ಬರು ಗಾರ್ಡ್‌ಗಳನ್ನು ಇಟ್ಟುಕೊಳ್ಳಲು ಆಗಲಿಲ್ಲ. ಸ್ಮಿತ್ ನಾಲ್ಕು ವರ್ಷ ಒಂದೇ ಜಾಗದಲ್ಲಿ ಆಡಿ ತೋರಿಸಿದವನು. ಬೆಕ್ಟನ್ ಗಾರ್ಡ್ ಆಗಿ ತೋರಿಸಿದ್ದು ಒಂದು ವರ್ಷ, ಅದೂ ಲೀಗಿನ ಅತ್ಯುತ್ತಮ ನೆರೆಯವರ ನಡುವೆ.

ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಇನ್ನೊಂದು ವರ್ಷಕ್ಕೆ 60–70 ಲಕ್ಷಕ್ಕೆ ಒಪ್ಪಿದ್ದರೆ ನಾನು ಇಟ್ಟುಕೊಳ್ಳುತ್ತಿದ್ದೆ. ವರ್ಷಕ್ಕೆ ಒಂದು ಕೋಟಿ ಅಂದಾಗ ಕೈ ಕುಲುಕಿ ಕಳಿಸುತ್ತಿದ್ದೆ, ಮನಸ್ಸು ಒಪ್ಪದಿದ್ದರೂ. ಮತ್ತು ಬೆಕ್ಟನ್ ಜಾಗದಲ್ಲಿ ನನ್ನ ತಮ್ಮನೋ ಮಗನೋ ಇದ್ದಿದ್ದರೆ, ಹೋಗು ಮಾರಾಯ, ಒಂದು ನಿಮಿಷವೂ ಯೋಚನೆ ಮಾಡಬೇಡ ಅನ್ನುತ್ತಿದ್ದೆ. ಎರಡು ವರ್ಷ ಮಂಡಿ ಹಿಡಿದುಕೊಂಡು ಮನೆಯಲ್ಲಿ ಕೂತವನಿಗೆ ಗೊತ್ತು, ಇವತ್ತು ಕೊಡುತ್ತೇನೆ ಅಂದದ್ದನ್ನು ನಾಳೆ ಯಾರೂ ಕೊಡುವುದಿಲ್ಲ ಅಂತ. ‘ಒಳ್ಳೆ ತಂಡ ಬಿಟ್ಟು ದುಡ್ಡಿನ ಹಿಂದೆ ಹೋದ’ ಅಂತ ನಮ್ಮಲ್ಲೇ ಕೆಲವರು ಅಂದಾಗ ನನಗೆ ನಿಜಕ್ಕೂ ಬೇಜಾರಾಯಿತು. ನಾವೆಲ್ಲ ಅಪ್ಪ ಅಮ್ಮನನ್ನು, ಊರನ್ನು ಬಿಟ್ಟು ಸಂಬಳಕ್ಕಾಗಿಯೇ ಇಲ್ಲಿಗೆ ಬಂದವರು. ನಾವು ಈ ಮಾತು ಆಡಬಾರದು.

ಆಮೇಲೆ ಆದದ್ದು ನಿಮಗೆ ಗೊತ್ತಿದೆ. ಚಾರ್ಜರ್ಸ್‌ನಲ್ಲಿ ಬೆಕ್ಟನ್ ಹೋಗುವ ಹೊತ್ತಿಗೆ ಅಂಚುಗಳನ್ನು ಕಾಯಲು ರಶಾನ್ ಸ್ಲೇಟರ್ ಮತ್ತು ಜೋ ಆಲ್ಟ್ ಇದ್ದರು. 2025ರ ಆಗಸ್ಟಿನಲ್ಲಿ ಸ್ಲೇಟರ್ ಮಂಡಿ ಹೋಯಿತು, ಸೀಸನ್ ಮುಗಿಯುವ ಮೊದಲೇ ಆಲ್ಟ್ ಕೂಡ ಹೊರಬಿದ್ದ. ಇಲ್ಲಿನ ಹಾಗೆ ಪಕ್ಕದಲ್ಲಿ ಗಟ್ಟಿ ಆಸರೆ ಅವನಿಗೆ ಅಲ್ಲಿ ಸಿಗಲಿಲ್ಲ. ಇಲ್ಲಿ ನಮ್ಮ ಕಡೆ, ಬೆಕ್ಟನ್ ಜಾಗಕ್ಕೆ ಬಂದ ಸ್ಟೀನ್ ನಿಂತುಕೊಂಡ. ಆದರೆ ದೊಡ್ಡ ಸಂಬಳದ ನಾಲ್ವರಲ್ಲಿ ಡಿಕರ್ಸನ್‌ಗೆ ಮಂಡಿ, ಜರ್ಗನ್ಸ್‌ಗೆ ಬೆನ್ನು, ಜಾನ್ಸನ್‌ಗೆ ಪಾದ. ಹಿಂದಿನ ವರ್ಷ 2,000 ದಾಟಿದ ಬಾರ್ಕ್ಲಿ 1,200 ಗಜವನ್ನೂ ಮುಟ್ಟಲಿಲ್ಲ. ಓಡುವವನು ಅವನೇ, ಕಾಲು ಅವೇ. ನಾನು ಆ ಸೀಸನ್ ಪೂರ್ತಿ ಬಲಗಡೆಯ ಆ ಒಂದು ಜಾಗವನ್ನೇ ದಿಟ್ಟಿಸುತ್ತಾ ಕೂತಿದ್ದೆ, ಬೆಕ್ಟನ್ ಇದ್ದಿದ್ದರೆ ಅಂತ. ಬಿರುಕು ಬಿಟ್ಟದ್ದು ಬೇರೆ ಕಡೆಯಿಂದ. ತಾತ ಇದ್ದಿದ್ದರೆ ಹೊಸ ಎತ್ತಿನ ಜೊತೆಗೆ ಮನೆಯ ಎತ್ತಿನ ಕಾಲನ್ನೂ ಒತ್ತಿ ನೋಡುತ್ತಿದ್ದರು.

ಸ್ಟೀನ್ 2023ರಲ್ಲಿ ಬಂದವನು, ಅವನದು ನಾಲ್ಕು ವರ್ಷದ ಒಪ್ಪಂದ. 2027ರ ಮಾರ್ಚಿಗೆ ಅದು ಮುಗಿಯುತ್ತದೆ. ಅದೇ ಬಲ ಗಾರ್ಡ್ ಜಾಗ, 56ನೇ ನಂಬರಿನ ಜೆರ್ಸಿ, ಅವನ ಹೆಸರು ಕೇಳದ ಎಷ್ಟೋ ಜನ ಈ ಕೋಣೆಯಲ್ಲೇ ಇದ್ದೀರಿ. ಅವನಿಗೆ ಎಷ್ಟು ಕೊಡಬೇಕು ಅಂತ ಆಗ ಮತ್ತೆ ಸೇರಿ ಮಾತಾಡೋಣ. ಪ್ರಶ್ನೆ ಇರುವವರು ಕೇಳಿ, ಹುಳಿಯನ್ನದ ವಾಸನೆ ಬರುತ್ತಿದೆ, ಹತ್ತು ನಿಮಿಷಕ್ಕಿಂತ ಜಾಸ್ತಿ ಕಾಯಿಸುವುದಿಲ್ಲ.