ರ‍್ಯಾಡಿಕಲ್‌ಗೆ ನಿದ್ದೆ ಕಲಿಸಿದ ಕಥೆ

ನಮಸ್ಕಾರ. ಹುಳುಕು ಹಲ್ಲಿಗೆ ಬಿಳಿ ಫಿಲ್ಲಿಂಗ್ ಹಾಕಿಸಿಕೊಂಡಿದ್ದೀರಾ? ಡಾಕ್ಟರ್ ಮೆತ್ತಗಿನ ಪೇಸ್ಟ್ ತುಂಬಿ ನೀಲಿ ಬೆಳಕು ಹಿಡಿಯುತ್ತಾರೆ. 20 ಸೆಕೆಂಡ್ ಆಗುವಷ್ಟರಲ್ಲಿ ಅದು ಗಟ್ಟಿಯಾಗುತ್ತದೆ. ಮೇಲಿನ ತೆಳು ಪದರ ಮಾತ್ರ ಅಂಟಂಟಾಗಿಯೇ ಇರುತ್ತದೆ. ಗಾಳಿಯ ಆಮ್ಲಜನಕ ಅಲ್ಲಿನ ರ‍್ಯಾಡಿಕಲ್‌ಗಳನ್ನು ಹಿಡಿದುಬಿಡುತ್ತದೆ, ಅದಕ್ಕೆ.

ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನ್ ಇರುವ ಅಣುವೇ ರ‍್ಯಾಡಿಕಲ್. ಅದು ಮಾನೋಮರ್‌ನ, ಅಂದರೆ ಸರಪಳಿಗೆ ಮಣಿಯಂತೆ ಸೇರುವ ಪುಟ್ಟ ಅಣುವಿನ, ಜೋಡಿ ಬಂಧ ಬಿಡಿಸಿ ಅಂಟಿಕೊಳ್ಳುತ್ತದೆ. ಆದರೂ ಒಂಟಿತನ ಹೋಗುವುದಿಲ್ಲ, ಸರಪಳಿಯ ಹೊಸ ತುದಿಗೆ ದಾಟುತ್ತದೆ ಅಷ್ಟೇ. ಸುಮಾರು ಒಂದು ಸೆಕೆಂಡಿನಲ್ಲಿ ಸಾವಿರಾರು ಮಾನೋಮರ್‌ಗಳನ್ನು ಪೋಣಿಸುತ್ತದೆ. ಅಷ್ಟರಲ್ಲಿ ಇನ್ನೊಂದು ರ‍್ಯಾಡಿಕಲ್ ಎದುರಾದರೆ ಎರಡರ ಕಥೆಯೂ ಮುಗಿಯಿತು.

ಶುರು, ಬೆಳವಣಿಗೆ, ಕೊನೆ. ಪಾಠ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ನನ್ನ ತಕರಾರು ಇದೇ. ವೇಗ ಜಾಸ್ತಿ, ಸರಪಳಿಯ ಮೇಲೆ ನಮ್ಮ ಹಿಡಿತ ಕಮ್ಮಿ ಅಂತ ಹಣೆಪಟ್ಟಿ ಹಚ್ಚಿ ಮುಂದೆ ಹೋಗಿಬಿಡುತ್ತೇವೆ. ಅಸಲಿ ಕಥೆ ಶುರುವಾಗುವುದೇ ಆಮೇಲೆ.

ಹಿಡಿತ ಕಮ್ಮಿ ಇದ್ದದ್ದು ನಿಜ. 1933ರಲ್ಲಿ ಬ್ರಿಟನ್ನಿನ ಐಸಿಐ ಎಂಬ ರಾಸಾಯನಿಕ ಕಂಪನಿಯ ಲ್ಯಾಬಿನಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಥಿಲೀನ್ ಅನಿಲವನ್ನು ಭಾರೀ ಒತ್ತಡದಲ್ಲಿಟ್ಟಾಗ ಮೇಣದಂಥ ಬಿಳಿ ಪದಾರ್ಥ ಸಿಕ್ಕಿತು. ಅದೇ ಪಾಲಿಥೀನ್. ಮತ್ತೆ ಮಾಡಲು ಹೋದರೆ ಒಮ್ಮೆ ಬಂತು, ಒಮ್ಮೆ ಬರಲಿಲ್ಲ. ಆಮೇಲೆ ಗೊತ್ತಾಯಿತು, ಸರಪಳಿ ಶುರು ಮಾಡುತ್ತಿದ್ದದ್ದು ಒಳಗೆ ಸೇರಿಕೊಂಡ ಚೂರು ಆಮ್ಲಜನಕ. ಹಲ್ಲಿನ ಮೇಲೆ ಕೆಲಸ ನಿಲ್ಲಿಸುವ ಆಮ್ಲಜನಕವೇ ಅಲ್ಲಿ ಕೆಲಸ ಶುರು ಮಾಡಿತ್ತು! ಇದನ್ನು ನೆನೆದಾಗಲೆಲ್ಲ ನನಗೆ ಖುಷಿ.

ಸರಪಳಿ ಸಾಯದಂತೆ ಬೆಳೆಸುವುದನ್ನು 1956ರಲ್ಲೇ ರಸಾಯನ ವಿಜ್ಞಾನಿ ಮೈಕೇಲ್ ಷ್ವಾರ್ಟ್ಸ್ ತೋರಿಸಿದ್ದರು, ಅಯಾನುಗಳಿಂದ, ಅಂದರೆ ವಿದ್ಯುದಾವೇಶ ಇರುವ ಕಣಗಳಿಂದ. ಆದರೆ ಚೂರು ನೀರು ಸೇರಿದರೂ ಅವು ಕೆಟ್ಟವು. ರ‍್ಯಾಡಿಕಲ್‌ಗೆ ನೀರಿನ ಭಯವಿಲ್ಲ, ನೀರಿನಲ್ಲೇ ಕೆಲಸ ಮಾಡಿಸಬಹುದು. ಇಂಥ ಗಟ್ಟಿಗನಿಗೆ ಹಿಡಿತವೂ ಬಂದರೆ ಇನ್ನೇನು ಬೇಕು, ಅಲ್ವಾ?

ಅದು ಬಂದದ್ದು 1990ರ ದಶಕದಲ್ಲಿ. ದಾರಿ ಒಂದಲ್ಲ, ಹಲವು. ನನಗೆ ತುಂಬಾ ಇಷ್ಟವಾದದ್ದು 1995ರ ಎಟಿಆರ್‌ಪಿ, ಅಂದರೆ ಪರಮಾಣುವೊಂದನ್ನು ಆಚೀಚೆ ದಾಟಿಸುತ್ತಾ ಸರಪಳಿ ಬೆಳೆಸುವ ವಿಧಾನ. ಜಪಾನಿನಲ್ಲಿ ಸವಮೊಟೊ ರುಥೇನಿಯಂ ಎಂಬ ಲೋಹ ಬಳಸಿದರು, ಅಮೆರಿಕದಲ್ಲಿ ಮಾತ್ಯಶೆವ್ಸ್ಕಿ ತಾಮ್ರ ಬಳಸಿದರು. ಸರಪಳಿಯ ತುದಿಗೆ ಕ್ಲೋರಿನ್ ಅಥವಾ ಬ್ರೋಮಿನ್‌ನ ಮುಚ್ಚಳ. ಮುಚ್ಚಳ ಇದ್ದರೆ ನಿದ್ದೆ. ತಾಮ್ರ ಅದನ್ನು ಕಿತ್ತರೆ ಎಚ್ಚರ, ಒಂದಷ್ಟು ಮಾನೋಮರ್ ಪೋಣಿಸಿ ಮತ್ತೆ ನಿದ್ದೆ. ಯಾವ ಕ್ಷಣದಲ್ಲೂ ಎಚ್ಚರ ಇರುವವು ಬೆರಳೆಣಿಕೆಯಷ್ಟು. ಹಾಗಾಗಿ ಒಂದಕ್ಕೊಂದು ಸಿಕ್ಕಿ ಸಾಯುವುದು ಅಪರೂಪ. ಎಲ್ಲ ಸರಪಳಿಗಳೂ ಹೆಚ್ಚುಕಮ್ಮಿ ಒಂದೇ ಉದ್ದಕ್ಕೆ ಬೆಳೆಯುತ್ತವೆ.

ಮೊದಲ ಮಾನೋಮರ್ ಖಾಲಿಯಾಯಿತಾ? ಬೇರೊಂದನ್ನು ಸುರಿಯಿರಿ. ಮಲಗಿದ್ದ ತುದಿ ಎದ್ದು, ನಿಲ್ಲಿಸಿದಲ್ಲಿಂದಲೇ ಹೊಸ ಮಣಿ ಪೋಣಿಸಲು ಶುರು ಮಾಡುತ್ತದೆ.