ಎಂಟ್ನೂರರ ಹೀಟರ್ ಯಾಕೆ ಬಿಸಿ ಆಗ್ತಿರ್ಲಿಲ್ಲ

ಈಗ ಕಾಣ್ತಿದೆಯಲ್ಲ ಬಿಳಿ ಕಾರು, ಅದು ನಮ್ಮಪ್ಪಂದು, 97ರ ಮಾರುತಿ 800, ಏಸಿ ಮಾಡೆಲ್ಲು, ಮಡಿಕೇರಿ ಮನೆ ಶೆಡ್ಡಲ್ಲಿ ಆರು ವರ್ಷ ಮಲ್ಗಿತ್ತು. ಬಾಗ್ಲು ತೆಗ್ದಾಗ ಬಂದ ವಾಸ್ನೆ ವಿಡಿಯೋದಲ್ಲಿ ಬರಲ್ಲ, ನೀವು ಪುಣ್ಯ ಮಾಡಿದ್ದೀರಾ. ಸೀಟೆಲ್ಲ ಬೂಷ್ಟು, ಹಿಂದಿನ ಸೀಟಲ್ಲಿ ತೆಂಗಿನಕಾಯಿ ಗಾತ್ರದ ತೂತು, ಫೋಮೇ ಇಲ್ಲ.

ಎಡಗಡೆ ಕಾರ್ಪೆಟ್ ಎತ್ತಿದ್ರೆ ಒದ್ದೆ. ನಾನು ಮಳೆ ನೀರು ಅಂದ್ಕೊಂಡೆ, ಮುಟ್ಟಿದ್ರೆ ಜಿಡ್ಡು ಜಿಡ್ಡು, ಒಂಥರಾ ಸಿಹಿ ವಾಸ್ನೆ, ಅಂದ್ರೆ ಕೂಲೆಂಟು, ಇಂಜಿನ್ ತಣ್ಣಗಿಡೋ ನೀರು, ಅಂದ್ರೆ ಅದು ಹರಿಯೋ ಹೀಟರ್ ಕೋರ್ ಸೋರಿದೆ, ಅಂದ್ರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಬೇಕು. ಬಿಚ್ಚಿದೆ. ಗಾಳಿ ಊದೋ ಬ್ಲೋವರ್ ಒಳಗೆ ಇಲಿ ಗೂಡು, ಅದ್ರಲ್ಲಿ ಕಾಫಿ ಸಿಪ್ಪೆ, ಗೋಣಿ ದಾರ, ಜೊತೆಗೆ ಹಿಂದಿನ ಸೀಟಿಂದ ಕಾಣೆಯಾಗಿದ್ದ ಫೋಮು!

ತುಕ್ಕು ಉಜ್ಜಿದ್ದು, ಪ್ರೈಮರ್ ಹೊಡ್ದಿದ್ದು ಫಾಸ್ಟ್ ಫಾರ್ವರ್ಡಲ್ಲಿ ಹಾಕಿದ್ದೀನಿ, ನೋಡೋಕೂ ಬೋರು ಮಾಡೋಕೂ ಬೋರು. ಸೀಟ್ ಬಟ್ಟೆ, ಹೊಸ ಕೋರು ಎರಡೂ ಬೆಂಗ್ಳೂರು ಜೇಸಿ ರೋಡಲ್ಲಿ ಸಿಕ್ತು.

ಎಲ್ಲಾ ಜೋಡ್ಸಿ, ಕೂಲೆಂಟ್ ತುಂಬಿ, ಅದ್ರಲ್ಲಿ ಸಿಕ್ಕಿದ್ದ ಗಾಳಿ ತೆಗ್ದು, ಅರ್ಧ ಗಂಟೆ ಓಡಿಸ್ದೆ. ಹೀಟರ್ ಗಾಳಿ ತಣ್ಣಗೆ. ಹೀಟರಿಗೆ ಅಂತ ಬೇರೆ ಒಲೆ ಇರಲ್ಲ ಮಾರಾಯ್ರೆ, ಇಂಜಿನ್ನಿಂದ ಬರೋ ಬಿಸಿ ನೀರು ಡ್ಯಾಶ್‌ಬೋರ್ಡ್ ಹಿಂದಿರೋ ಪುಟ್ಟ ರೇಡಿಯೇಟರಲ್ಲಿ, ಅದೇ ಕೋರಲ್ಲಿ, ಸುತ್ತುತ್ತೆ, ಫ್ಯಾನ್ ಅದ್ರ ಮೂಲಕ ಗಾಳಿ ಊದುತ್ತೆ, ಅಷ್ಟೇ. ನೀರೇ ಬಿಸಿ ಆಗಿಲ್ಲ ಅಂದ್ರೆ ಏನು ಬದಲಾಯ್ಸಿದ್ರೂ ದಂಡ. ಟೆಂಪರೇಚರ್ ಮುಳ್ಳು ತಳ ಬಿಟ್ಟು ಏಳ್ತಾನೇ ಇರ್ಲಿಲ್ಲ, ನಾನು ಮೀಟರ್ ಕೆಟ್ಟಿದೆ ಅಂತ ಸುಮ್ನಿದ್ದೆ. ನೀರು ಬಿಸಿ ಆಗೋವರ್ಗೂ ರೇಡಿಯೇಟರಿಗೆ ಬಿಡದೆ ತಡೆಯೋ ವಾಲ್ವು ಥರ್ಮೋಸ್ಟಾಟ್, ಅದ್ರ ಹೌಸಿಂಗ್ ಬಿಚ್ಚಿ ನೋಡ್ತೀನಿ, ಖಾಲಿ ಡಬ್ಬ! ಯಾವ್ದೋ ಕಾಲದಲ್ಲಿ ಯಾರೋ ಮೆಕ್ಯಾನಿಕ್ಕು ಹೀಟ್ ಆಗ್ಬಾರ್ದು ಅಂತ ಕಿತ್ತೆಸೆದಿದ್ದಾನೆ. ಅದಿಲ್ದಿದ್ರೆ ನೀರು ಹೊತ್ತುಗೊತ್ತಿಲ್ದೆ ರೇಡಿಯೇಟರಿಗೆ ಹೋಗಿ ತಣ್ಣಗಾಗ್ತಾ ಇರುತ್ತೆ, ಅದ್ರಲ್ಲೂ ನಮ್ಮೂರ ಚಳೀಲಿ ಕೇಳ್ಬೇಡಿ. ಹೊಸದರ ಮೇಲೆ 82 ಅಂತ ಅಚ್ಚಾಗಿದೆ ನೋಡಿ, ಆ ಡಿಗ್ರಿ ಮುಟ್ಟೋವರ್ಗೂ ಬಾಯಿ ಬಿಡಲ್ಲ. ಇಷ್ಟು ಚಿಕ್ಕ ಸಾಮಾನಿಗೆ ನಾನು ಮೂರು ಭಾನುವಾರ ಹಾಳು ಮಾಡ್ಕೊಂಡಿದ್ದು.

ಹೀಟರ್ ಯಾಕಪ್ಪ ಇಂಡಿಯಾದಲ್ಲಿ ಅನ್ನೋರು ಜುಲೈಲಿ ಸಂಪಾಜೆ ಘಾಟಿ ಇಳಿದು ನೋಡಿ. ಹೊರಗೆ ಮಳೆ, ಒಳಗೆ ನಾಲ್ಕು ಜನರ ಉಸಿರು, ಗ್ಲಾಸೆಲ್ಲ ಮಂಜು. ಅಪ್ಪ ಓಡಿಸ್ತಿದ್ರೆ ಅಮ್ಮ ಹಳದಿ ಬಟ್ಟೇಲಿ ಒರೆಸ್ತಾನೇ ಇರೋರು, ಹೀಟರ್ ಇದೆ ಅನ್ನೋದೇ ಮರ್ತೋಗಿತ್ತು ಮನೇಲಿ. ಮೊನ್ನೆ ಅದೇ ಘಾಟೀಲಿ ಏಸಿನೂ ಹೀಟರೂ ಒಟ್ಟಿಗೆ ಹಾಕಿ ಗಾಳಿ ಗ್ಲಾಸಿಗೆ ಬಿಟ್ಟೆ, ಒಂದೇ ನಿಮಿಷಕ್ಕೆ ಕ್ಲೀನು. ಪಕ್ಕದಲ್ಲಿ ಅಮ್ಮ ಬಟ್ಟೆ ಹಿಡ್ಕೊಂಡೇ ಕೂತಿದ್ರು, ಗ್ಲಾಸ್ ನೋಡಿದ್ರು, ಆಮೇಲೆ ಡ್ಯಾಶ್‌ಬೋರ್ಡ್ ಒರೆಸೋಕೆ ಶುರು ಮಾಡಿದ್ರು.

ಫ್ಯಾನು ಇನ್ನೂ ಫುಲ್ ಸ್ಪೀಡಲ್ಲಿ ಮಾತ್ರ ತಿರುಗುತ್ತೆ, ಸ್ಪೀಡ್ ಕಮ್ಮಿ ಮಾಡೋ ರೆಸಿಸ್ಟರ್ ಸುಟ್ಟಿದೆ, ಆರ್ಡರ್ ಹಾಕಿದ್ದೀನಿ.