ಹೆಗ್ಗಡದೇವನಕೋಟೆಯಿಂದ ಹೊರಟ ಏಣಿ

ಕೇಳುಗರಿಗೆ ನಮಸ್ಕಾರ.

ಶಾಲೆಗೆ ಹೊಸ ಪದ್ಧತಿ ಬಂದು ಸರಿಹೋಗದಿದ್ದರೆ ನಾವು ಮೊದಲು ಬೈಯುವುದು ಮೇಷ್ಟ್ರನ್ನು: ಅವರಿಗೆ ಬದಲಾವಣೆ ಬೇಡ, ಬಿಡಿ! ನನಗೆ ಈ ಮಾತು ಒಪ್ಪಿಗೆಯಿಲ್ಲ. ಸರ್ಕಾರಿ ಶಾಲೆಯ ಪುಟ್ಟ ಮಕ್ಕಳು ಕಾರ್ಡುಗಳ ನೆರವಿನಿಂದ ತಮ್ಮತಮ್ಮ ವೇಗದಲ್ಲಿ ಕಲಿಯುವ ನಮ್ಮ ನಲಿ-ಕಲಿ ಪದ್ಧತಿಯನ್ನೇ ನೋಡಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಎಂಬ ಶಿಕ್ಷಣ ಸಂಸ್ಥೆಗೆ ಹೋಗಿ, ಅಲ್ಲಿಯವರು ನಡೆಸುತ್ತಿದ್ದ ಹಳ್ಳಿ ಶಾಲೆಗಳನ್ನು ಕಂಡು ಬಂದರು. ಯುನಿಸೆಫ್ ನೆರವಿತ್ತು. ಊರಿಗೆ ಮರಳಿ ತಾವೇ ಕೂತು ಕಾರ್ಡು ಬರೆದರು, ಕಲಿಯಬೇಕಾದ್ದನ್ನೆಲ್ಲ ಏಣಿಯ ಮೆಟ್ಟಿಲುಗಳಾಗಿ ಜೋಡಿಸಿದರು. ಬದಲಾವಣೆ ಬೇಡವೆನ್ನುವವರು ಮಾಡುವ ಕೆಲಸವೇ ಇದು?

2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆಲ್ಲ ಬಂತು, ಆಮೇಲೆ ಮೂರಕ್ಕೂ. ಈ ಸಲ ಬಂದದ್ದು ಸುತ್ತೋಲೆಯ ದಾರಿಯಲ್ಲಿ. ರಾಜ್ಯಮಟ್ಟದಲ್ಲಿ ಕಲಿತವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲೂಕಿನವರಿಗೆ ಹೇಳಿಕೊಟ್ಟರು. ಕಾರ್ಡು ಬಳಸುವುದು ಹೇಗೆಂಬುದು ಕೊನೆಯ ಶಾಲೆಯವರೆಗೂ ಮುಟ್ಟಿತು. ಯಾಕೆಂಬುದು ಮಾತ್ರ ಎಷ್ಟೋ ಕಡೆ ದಾರಿಯಲ್ಲೇ ಸೋರಿಹೋಯಿತು.

ನಲಿ-ಕಲಿ ಕೋಣೆಯಲ್ಲಿ ಮೂರೂ ತರಗತಿಯ ಮಕ್ಕಳು ಬೆರೆತು ಕೂರುತ್ತಾರೆ. ಐದು ಗುಂಪು, ಗುಂಪಿನ ಗುರುತಿಗೆ ಒಂದೊಂದರಂತೆ ಐದು ತಟ್ಟೆ. ಒಂದನೇ ತಟ್ಟೆಯವರಿಗೆ ಟೀಚರ್ ಪೂರ್ತಿ ಜೊತೆಗಿರಬೇಕು. ಐದನೆಯವರು ತಾವೇ ಕಲಿಯುತ್ತಾರೆ. ಮಗು ಗೋಡೆಯ ಏಣಿಯಲ್ಲಿ ತನ್ನ ಮೆಟ್ಟಿಲು ಹುಡುಕಿ, ಅಲ್ಲಿರುವ ಚಿತ್ರದ್ದೇ ಕಾರ್ಡನ್ನು ಎತ್ತಿಕೊಳ್ಳುತ್ತದೆ. ಕೆಲವು ಮೆಟ್ಟಿಲು ಸೇರಿದರೆ ಒಂದು ಮೈಲಿಗಲ್ಲು. ಅಪ್ಪ-ಅಮ್ಮನ ಜೊತೆ ಕೂಲಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದರೂ ಪಾಠ ತಪ್ಪಿತೆಂಬ ಭಯವಿಲ್ಲ; ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಪದ್ಧತಿಯ ಜೀವಾಳವೇ ಅದು.

ಇಂಥ ಕೋಣೆಗೆ ತಪಾಸಣೆಗೆ ಬಂದವರು, "ಈ ತಿಂಗಳಿಗೆ ಎಷ್ಟು ಮೈಲಿಗಲ್ಲು ಮುಗಿಸಿದ್ದೀರಿ?" ಎಂದು ಕೇಳಿದರೆ? ಟೀಚರ್ ಏನು ಮಾಡಬೇಕು ಹೇಳಿ. ಮರುದಿನದಿಂದ ಎಲ್ಲರಿಗೂ ಒಂದೇ ಕಾರ್ಡು, ಎಲ್ಲರೂ ಒಟ್ಟಿಗೆ ಓದಿ! ಕಲಿಸುವುದು ಹೊಸದಾಯಿತು, ಅಳೆಯುವ ಕೋಲು ಹಳೆಯದೇ ಉಳಿಯಿತು. ಕಳೆದ ಕಾರ್ಡು, ಬಿಸಿಯೂಟದ ಲೆಕ್ಕ, "ಹೋಂವರ್ಕೇ ಇಲ್ವಲ್ಲ ಮೇಡಂ" ಎನ್ನುವ ತಾಯಂದಿರು, ಇವೆಲ್ಲ ಹೇಗೋ ನಿಭಾಯಿಸಬಹುದಾದ ಕಷ್ಟಗಳು. ಮೇಲಿನವರ ಪ್ರಶ್ನೆ ಬದಲಾಗದಿದ್ದರೆ ಟೀಚರ್ ಕೈಯಲ್ಲಿ ಏನೂ ಇಲ್ಲ.

ಇನ್ನು ನಾಲ್ಕನೇ ತರಗತಿ. ಅಲ್ಲಿ ಪಠ್ಯಪುಸ್ತಕ, ಎಲ್ಲರಿಗೂ ಒಂದೇ ದಿನ ಒಂದೇ ಪಾಠ. ಮೂರು ವರ್ಷ ತನ್ನ ವೇಗದಲ್ಲಿ ಕಲಿತ ಮಗು ಕಕ್ಕಾಬಿಕ್ಕಿಯಾದರೆ ಅದು ದಡ್ಡತನವಲ್ಲ. ನಲಿ-ಕಲಿ ತರಬೇತಿಗೆ ನಾಲ್ಕನೇ ತರಗತಿಯ ಶಿಕ್ಷಕರನ್ನೂ ಕೂರಿಸಿ, ತಪಾಸಣೆಗೆ ಹೋಗುವ ಅಧಿಕಾರಿಗಳನ್ನು ಅವರಿಗಿಂತ ಮೊದಲೇ ಕೂರಿಸಿ ಎಂದು ನಾನು ಹೇಳುವುದು ಅದಕ್ಕೇ.

ನಮಸ್ಕಾರ.